ಕೆಂಪು ದಾರದ ರೋಜಾ, ಬಿಳಿ ದಾರದ ರೋಜಾ

ಹೂ ಮುಡಿಯಬೇಡ ಎನ್ನುವುದು ಕೆಲಸದಲ್ಲಿ ನನಗೆ ಸಿಕ್ಕ ಮೊದಲ ಅಪ್ಪಣೆ.

ಎಪ್ಪತ್ತರ ದಶಕದ ಆರಂಭ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಅತ್ತರಿನ ಅಂಗಡಿಗೆ ಹುಡುಗಿ ಬೇಕಂತೆ ಎಂದು ಯಾರೋ ಹೇಳಿದರು. ಸೇರುವ ದಿನ ಅಮ್ಮ ತಲೆ ತುಂಬ ಮಲ್ಲಿಗೆ ಮುಡಿಸಿ ಕಳಿಸಿದಳು. ಅಂಗಡಿಯ ಯಜಮಾನರು ಗಂಗಾಧರಯ್ಯನವರು. ಅವರು ನನ್ನ ಹೆಸರು, ಓದು ಏನನ್ನೂ ಕೇಳುವ ಮೊದಲೇ ಗೋಡೆಯ ಮೇಲಿದ್ದ ಲಕ್ಷ್ಮಿಯ ಪಟ ತೋರಿಸಿ, "ಆ ಹೂವನ್ನ ಅಲ್ಲಿ ಹಾಕ್ಬಿಡಮ್ಮ. ತಲೇಲಿ ಮಲ್ಲಿಗೆ ಇಟ್ಕೊಂಡು ಗಂಧ ಮೂಸೋದು ಅಂದ್ರೆ, ಓಲಗದ ಪಕ್ಕ ನಿಂತು ವೀಣೆ ಕೇಳಿದ ಹಾಗೆ" ಎಂದರು.

ಸಂಜೆ ಬರಿದಾದ ಜಡೆ ನೋಡಿ ಅಮ್ಮ ರಂಪ ಮಾಡಿದಳು. "ಮದ್ವೆ ಆಗ್ಬೇಕಾದ ಹುಡ್ಗಿ ಬರೀ ತಲೇಲಿ ಊರೆಲ್ಲ ತಿರುಗೋದಾ? ಅದೆಂಥಾ ಕೆಲ್ಸವೇ ರತ್ನ?" ಅಪ್ಪ ಮಧ್ಯೆ ಬಂದು ರಾಜಿ ಮಾಡಿಸಿದರು: ರಜೆಯ ದಿನ ಮಲ್ಲಿಗೆ, ಉಳಿದ ದಿನ ಬರೀ ಕುಂಕುಮ. ಹಾಗೆ ಶುರುವಾದದ್ದು ನನ್ನ ನೌಕರಿ. ನಿವೃತ್ತಳಾಗಿ ಈಗ ಮನಸ್ಸು ಬಂದಾಗಲೆಲ್ಲ ಹೂ ಮುಡಿಯುತ್ತೇನೆ. ಆದರೂ ಕನ್ನಡಿಯ ಮುಂದೆ ನಿಂತಾಗ ಯಾರೋ ಬೈಯುತ್ತಾರೇನೋ ಎಂದು ಕೈ ಒಂದು ಗಳಿಗೆ ತಡೆಯುತ್ತದೆ.

ಸುಗಂಧದ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು, "ಮೇಡಂ, ನೀವು ಹೇಗೆ ಕಲಿತಿರಿ?" ಎಂದು ಕೇಳುತ್ತಾರೆ. ಅವರಿಗೆ ಅದ್ದಿ ಮೂಸುವ ಕಾಗದದ ಪಟ್ಟಿಗಳಿವೆ, ತಣ್ಣಗಿನ ಕೋಣೆಗಳಿವೆ, ಯಾವ ಎಣ್ಣೆಯಲ್ಲಿ ಏನೇನಿದೆ ಎಂದು ಗೆರೆ ಎಳೆದು ತೋರಿಸುವ ಯಂತ್ರಗಳಿವೆ. ಮುಂದೆ ಮೈಸೂರಿನ ಊದುಬತ್ತಿ ಕಂಪನಿಯೊಂದರಲ್ಲಿ ನಾನೂ ಆ ಯಂತ್ರಗಳ ಜೊತೆ ಕೆಲಸ ಮಾಡಿದೆ, ಅವುಗಳ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ನಾನು ಕಲಿತದ್ದು ಬಿದಿರು ಕಡ್ಡಿಯ ತುದಿಗೆ ಸುತ್ತಿದ ಹತ್ತಿಯಿಂದ, ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ಸುಗಳಲ್ಲಿ, ಪರಿಚಯವಿಲ್ಲದ ಹೆಂಗಸರ ಅಡಿಗೆಮನೆಗಳಲ್ಲಿ.

ಅಂಗಡಿ ಕಿರಿದಾಗಿತ್ತು. ಮುಂದೆ ಕೌಂಟರು, ಗಾಜಿನ ಬೀರು. ಹಿಂದೆ ಒಂದು ಒಳಕೋಣೆ. ಅಲ್ಲಿ ಲಾವಂಚ, ದವನ, ಸಾಂಬ್ರಾಣಿ, ಗಂಧದೆಣ್ಣೆ, ಹೂವಿನ ಎಣ್ಣೆಗಳ ಸೀಸೆಗಳು ಸಾಲಾಗಿ ಕತ್ತಲೆಯಲ್ಲಿ ಕೂತಿದ್ದವು. ಗಂಗಾಧರಯ್ಯನವರು ಇಂಕು ತುಂಬುವ ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಬೆರೆಸುತ್ತಿದ್ದದ್ದು ಅಲ್ಲಿಯೇ. "ಮೂಗನ್ನ ಸೀಸೆ ಹತ್ರ ಒಯ್ಯಬೇಡ, ಅದೇ ನಿನ್ನ ಹತ್ರ ಬರ್ಲಿ" ಎನ್ನುತ್ತಿದ್ದರು. ಕಡ್ಡಿಯನ್ನು ಅದ್ದಿ, ಗಾಳಿಯಲ್ಲಿ ಒಮ್ಮೆ ಆಡಿಸಿ, ಕಣ್ಣು ಮುಚ್ಚಬೇಕು. ಆಮೇಲೆ ಅದು ಯಾವುದರ ಹಾಗಿದೆ ಎಂದು ಹೇಳಬೇಕು. ತೊಳೆದಿಟ್ಟ ಹಿತ್ತಾಳೆ ತಂಬಿಗೆಯ ಹಾಗಿದೆ ಎನ್ನುತ್ತಿದ್ದೆ. ಅಜ್ಜಿಯ ಟ್ರಂಕು ತೆಗೆದ ಹಾಗಿದೆ ಎನ್ನುತ್ತಿದ್ದೆ. ಒಮ್ಮೆ ಬಹಳ ಬೆಲೆಯ ಎಣ್ಣೆಯೊಂದನ್ನು ಮೂಸಿ, "ಜ್ವರ ಬಂದಾಗ ಕೊಡೋ ಗಂಜಿ ತರ" ಎಂದುಬಿಟ್ಟೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇನ್ಮೇಲೆ ನಾನೂ ಅದನ್ನ ಮೂಸಿದಾಗೆಲ್ಲ ಗಂಜಿನೇ ನೆನಪಾಗುತ್ತೆ. ಹಾಳು ಮಾಡಿದೆ ನೋಡು" ಎಂದರು.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲದಲ್ಲಿ, ಗಾಳಿ ಇತ್ತ ತಿರುಗಿದರೆ, ಮಂಡ್ಯಕ್ಕೆ ಮಂಡ್ಯವೇ ಪಾಕದ ವಾಸನೆಯಲ್ಲಿ ಮುಳುಗುತ್ತಿತ್ತು. ಅಂಥ ದಿನ ಅವರು, "ಇವತ್ತು ಊರೇ ಪಾಯಸ ಆಗಿದೆ, ಸೀಸೆ ಮುಚ್ಚಮ್ಮ" ಎಂದು ಕೈ ಕಟ್ಟಿ ಕೂರುತ್ತಿದ್ದರು. ಬೀದಿಯಲ್ಲಿ ಕಬ್ಬಿನ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಎತ್ತುಗಳ ಗಂಟೆಯ ಸದ್ದು, ಬಿಸಿಲು, ಆ ಸಿಹಿ ಗಾಳಿ. ಹಾಗೆ ಏನೂ ಮಾಡದೆ ಕಳೆದ ಮಧ್ಯಾಹ್ನಗಳೇ ಈಗ ಹೆಚ್ಚು ನೆನಪಾಗುತ್ತವೆ.

ಹುಡುಗಿಯನ್ನೇ ಯಾಕೆ ಕೆಲಸಕ್ಕಿಟ್ಟುಕೊಂಡಿರಿ ಎಂದು ಒಮ್ಮೆ ಕೇಳಿದ್ದೆ. "ಸೆಂಟು ಕೊಳ್ಳೋರು ಗಂಡಸ್ರು, ಆರಿಸೋರು ಹೆಂಗಸ್ರು. ಗಂಡಸನ್ನ ಕಳಿಸಿದ್ರೆ ಜಗಲಿ ದಾಟಿ ಒಳಗೆ ಹೋಗೋಕಾಗುತ್ತಾ?" ಎಂದರು. ಹೀಗೆ ವಾರದಲ್ಲಿ ಕೆಲವು ದಿನ ನಾನು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದೆ. ಮನೆ ಮನೆಗೆ ಹೋಗಿ ಹೆಂಗಸರ ಮುಂಗೈಗೆ ಕಡ್ಡಿ ತಾಗಿಸಿ ಅವರ ಮುಖ ನೋಡುವುದು ನನ್ನ ಕೆಲಸ.

ನಾನು ಹೇಳಬೇಕೆಂದಿರುವುದು ಎರಡು ರೋಜಾಗಳ ಸಂಗತಿ.

ನಮ್ಮ ಅಂಗಡಿಗೆ ಹೆಸರು ತಂದದ್ದು ರೋಜಾ ಸೆಂಟು. ಗಂಗಾಧರಯ್ಯನವರೇ ಹರೆಯದಲ್ಲಿ ಕೂಡಿಸಿದ್ದು. ಒಂದು ಮಳೆಗಾಲ ಅವರಿಗೆ ಕೆಟ್ಟ ಜ್ವರ ಬಂದು ವಾರಗಟ್ಟಲೆ ಮಲಗಿದರು. ಎದ್ದು ಬಂದಾಗ ಶರಟು ಹೆಗಲಿನಿಂದ ಜೋತಾಡುತ್ತಿತ್ತು. ಮಾತೂ ಕಡಿಮೆಯಾಗಿತ್ತು. ದಿನವಿಡೀ ಒಳಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಜ್ವರದ ನಿತ್ರಾಣವೆಂದುಕೊಂಡು ನಾನು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಕರೆದು ಎರಡು ಪುಟ್ಟ ಸೀಸೆ ಕೊಟ್ಟರು. ಒಂದರ ಕತ್ತಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ.

"ಕೆಂಪು ನಮ್ಮ ಹಳೇ ರೋಜಾ, ನಿನಗೆ ಗೊತ್ತಿರೋದೇ. ಬಿಳಿ ಹೊಸದು. ಇನ್ಮೇಲೆ ಎರಡರಲ್ಲಿ ಒಂದನ್ನೇ ಮಾಡೋಣ ಅಂತಿದೀನಿ. ಯಾವುದು ಅಂತ ಜನ ಹೇಳ್ಲಿ. ಅಂಗಡಿ ಹೆಸರು ಹೇಳಬೇಡ. ಹಳೇದು ಯಾವ್ದು, ಹೊಸದು ಯಾವ್ದು, ಅದನ್ನೂ ಹೇಳಬೇಡ."

"ಆಗ್ಲಿ ಯಜಮಾನ್ರೇ."

"ಇನ್ನೊಂದು ಮಾತು. ಬಿಳೀದನ್ನ ನೀನು ಮೂಸಬೇಡ. ನಿನಗೆ ಮುಖದಲ್ಲಿ ಏನೂ ಮುಚ್ಚಿಡೋಕೆ ಬರೋಲ್ಲ. ನಿನ್ನ ಮುಖ ನೋಡಿ ಅವರು ಆರಿಸಿಬಿಡ್ತಾರೆ."

ಅವರ ದನಿಯಲ್ಲಿ ಪರೀಕ್ಷೆಗೆ ಕೂರುವವನ ಅಳುಕಿತ್ತು. ಅದು ನನಗೆ ಅರ್ಥವಾದದ್ದು ಆಮೇಲೆ.

ಮೊದಲು ಬೆಸಗರಹಳ್ಳಿಗೆ ಹೋದೆ. ಬಸ್ಸಿಳಿದು ನಡೆದರೆ ಒಂದು ಮನೆಯ ಜಗಲಿಯ ಮೇಲೆ ಕೆಂಪಮ್ಮ ಎಂಬ ಮುದುಕಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಸಂಗತಿ ಹೇಳಿ ಒಂದು ಕೈಗೆ ಕೆಂಪು, ಇನ್ನೊಂದಕ್ಕೆ ಬಿಳಿ ತಾಗಿಸಿದೆ. ಅವರು ಎರಡೂ ಕೈಗಳನ್ನು ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಖಕ್ಕೆ ತಂದುಕೊಂಡರು.

"ಇದು ಗಿಡದಾಗಿರೋ ರೋಜಾ ಕಣವ್ವ," ಎಂದು ಕೆಂಪನ್ನು ತೋರಿಸಿದರು. "ಬೆಳಗಾಗೆದ್ದು ಇತ್ತಿಲ್ಗೆ ಓದಂಗಾಯ್ತದೆ. ಇದು," ಎಂದು ಬಿಳಿಯ ಕೈ ಮೂಸಿ, "ಇದು ಯಾರೋ ಮುಡ್ಕೊಂಡು ಓದ ಮ್ಯಾಲೆ ಮನೇಲಿ ಉಳ್ಕೊಂಡದ್ದು."

"ಯಾವ್ದು ಬೇಕು ಅಜ್ಜಿ ನಿಮ್ಗೆ?"

"ನಂಗ್ಯಾಕವ್ವ ಸೆಂಟು? ಅವರೆಕಾಯ್ ಸೊಗಡು ಸಾಕು, ಬುಡು" ಎಂದು ನಕ್ಕು, ಹೊರಡುವಾಗ ಮಡಿಲಿಗೆ ಒಂದು ಬೊಗಸೆ ಕಾಯಿ ಹಾಕಿದರು.

ಮದ್ದೂರಿನಲ್ಲಿ ಒಬ್ಬ ಅಧಿಕಾರಿಯ ಮನೆ. ಆ ಮನೆಯ ಅಮ್ಮ ಎರಡನ್ನೂ ಮೂಸಿ ತಡಮಾಡದೆ ಕೆಂಪು ಎಂದರು. ಬಿಳಿ ಸೋಪಿನ ಹಾಗಿದೆಯಂತೆ. ಅವರ ಅತ್ತೆ ಒಳಗಿನಿಂದ ಬಂದು ಬಿಳಿಯೇ ವಾಸಿ ಎಂದರು. ಕೆಂಪು ಗಾಟಂತೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಈ ವಿಷಯ ರೋಜಾದಿಂದ ಬೇರೆ ಕಡೆಗೆ ಹೊರಟಿತು ಎನ್ನಿಸಿ ನಾನು ಚೀಲ ಎತ್ತಿಕೊಂಡೆ.

ಮಳವಳ್ಳಿ ಬಸ್ಸಿನಲ್ಲಿ ಅನಾಹುತವಾಯಿತು. ದೊಡ್ಡಿ ಎನ್ನುವ ಊರು ದಾಟಿದ ಮೇಲೆ ರಸ್ತೆಗೆ ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕು ಹಾಕಿದ. ತೊಡೆಯ ಮೇಲಿನ ಚೀಲ ಮುಂದಿನ ಸೀಟಿಗೆ ಬಡಿದು ಬಿಳಿ ದಾರದ ಸೀಸೆಯ ಬಿರಡೆ ಕಿತ್ತುಬಂತು. ಅರ್ಧದಷ್ಟು ಸೆಂಟು ಚೀಲಕ್ಕೆ, ನನ್ನ ಸೀರೆಗೆ, ಅಲ್ಲಿಂದ ಬಸ್ಸಿಗೆ. ಬೀಡಿಯ ಹೊಗೆ, ಕೋಳಿ ಬುಟ್ಟಿ, ಬೆವರು ಎಲ್ಲದರ ಮೇಲೆ ರೋಜಾ ಹಬ್ಬಿಕೊಂಡಿತು.

"ಯಾರವ್ವ ಬಸ್ನಾಗೆ ಮದ್ವೆ ಮಾಡ್ತಿರೋದು?" ಎಂದ ಕಂಡಕ್ಟರು.

ನಾಚಿಕೆಯಿಂದ ಕುಗ್ಗಿ ಹೋದೆ. ಆದರೆ ಯಾರೂ ಬೈಯಲಿಲ್ಲ. ಹಿಂದಿನ ಸೀಟಿನ ಮುದುಕರೊಬ್ಬರು ಪಕ್ಕದವರಿಗೆ ಹೇಳಿದರು: "ನನ್ ಮದ್ವೇಲಿ ಇಂಗೇ ಪನ್ನೀರು ಎರಚಿದ್ರು ಕಣ್ಲಾ. ಕಣ್ಗೆ ಬಿದ್ದು ಉರ್ದು, ಎಣ್ಣಿನ್ ಮಕಾನೇ ಕಾಣ್ನಿಲ್ಲ."

"ಕಂಡಿದ್ರೆ ತಾಳಿ ಕಟ್ತಿದ್ಯೇನ್ಲಾ?" ಎಂದರು ಪಕ್ಕದವರು.

ಬಸ್ಸೆಲ್ಲ ನಕ್ಕಿತು. ಅಲ್ಲಿಂದ ಒಬ್ಬೊಬ್ಬರೂ ತಮ್ಮ ತಮ್ಮ ಮದುವೆ ತೆಗೆದರು. ಯಾರ ಮದುವೆಯಲ್ಲಿ ಅನ್ನ ಸಾಲಲಿಲ್ಲ, ಯಾರ ಮದುವೆಯಲ್ಲಿ ಓಲಗದವರು ಮುನಿಸಿಕೊಂಡು ಹೋದರು. ಕಿಟಕಿಯಾಚೆ ಗದ್ದೆಗಳು, ನಾಲೆಯ ನೀರಿನಲ್ಲಿ ಆಕಾಶ. ಮೂಸಬೇಡ ಎಂದಿದ್ದ ರೋಜಾದಲ್ಲೇ ನಾನು ಮಿಂದಿದ್ದೆ. ಅದು ಸಿಹಿಯಾಗಿತ್ತು, ಜಾತ್ರೆಯ ಮಿಠಾಯಿಯಂತೆ ಸಿಹಿ. ಎಲ್ಲ ಇದ್ದೂ ಅದರಲ್ಲಿ ಏನೋ ಒಂದು ಇರಲಿಲ್ಲ. ಯಾವುದು ಎಂದು ಹಿಡಿಯಲು ಹೋದರೆ ಕೈಗೆ ಸಿಗುತ್ತಿರಲಿಲ್ಲ.

ಮಳವಳ್ಳಿಯಲ್ಲಿ ರೇಷ್ಮೆಗೂಡು ಬಿಚ್ಚುವ ಮನೆಗೆ ಹೋದೆ. ಕುದಿಯುವ ನೀರಿನಲ್ಲಿ ಗೂಡು ಬೇಯುವಾಗ ಬರುವ ನಾತ ಅಲ್ಲಿಗೆ ಹೋದವರಿಗೇ ಗೊತ್ತು. ಚಿಕ್ಕತಾಯಿ ಎನ್ನುವ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಬೆರಳು ಬಿಸಿನೀರಿನಲ್ಲಿ ಬೆಂದು ಬಿಳಚಿಕೊಂಡಿದ್ದವು. ಕೆಂಪನ್ನು ಮೂಸಿ, "ಇದ್ರಾಗೇನೂ ಗೊತ್ತಾಗ್ನಿಲ್ವಲ್ಲವ್ವ" ಎಂದಳು. ಬಿಳಿಯನ್ನು ಮೂಸಿದಳು. ಮತ್ತೆ ಮೂಸಿದಳು. "ಇದು ಬತ್ತದೆ. ಈ ನಾತದಾಗೂ ಬತ್ತದೆ ನೋಡು. ಇಲ್ಲಿ ಕೂತು ಇಷ್ಟು ವರ್ಸ ಆಯ್ತು, ನಾತ ಬುಟ್ಟು ಬೇರೇದು ಮೂಗಿಗೆ ಬಂದಿದ್ದು ಇವತ್ತೇಯ." ಇನ್ನೊಂದು ಚೂರು ಹಾಕು ಎಂದು ಮೂಗಿನ ಕೆಳಗೆ ತೋರಿಸಿದಳು. ಹಾಕಿದೆ. ಅವಳು ನೂಲಿನ ಎಳೆ ಹಿಡಿದು ಕೆಲಸಕ್ಕೆ ತಿರುಗಿದಳು, ಮುಖದಲ್ಲಿ ಎಲ್ಲಿಗೋ ಹೊರಟವಳ ಗೆಲುವಿತ್ತು.

ಜನ ಹೀಗೆ ಅತ್ತ ಅಷ್ಟು, ಇತ್ತ ಅಷ್ಟು ಆದರು. ಇದನ್ನು ಯಜಮಾನರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಮಾರನೆಯ ದಿನ ಅಂಗಡಿಗೆ ಬಂದೆ. ಮೆಟ್ಟಿಲು ಹತ್ತುವಾಗಲೇ ಸ್ಪಿರಿಟ್ಟಿನ ವಾಸನೆ ಗಂಟಲಿಗೆ ಹೊಡೆಯಿತು. ಒಳಕೋಣೆಗೆ ಓಡಿದೆ. ಸೆಂಟಿಗೆ ಬೆರೆಸುವ ಸ್ಪಿರಿಟ್ಟಿನ ದೊಡ್ಡ ಜಾಡಿ ಸೀಳು ಬಿಟ್ಟು, ಮೇಜಿನ ಕೆಳಗೆಲ್ಲ ಹರಿದಿತ್ತು. ಕಣ್ಣಲ್ಲಿ ನೀರು ಬರುವಷ್ಟು ಗಾಟು. ಗಂಗಾಧರಯ್ಯನವರು ಅದರ ಮಧ್ಯೆ ನೆಮ್ಮದಿಯಾಗಿ ನಿಂತು, ದೇವರ ಪಟಕ್ಕೆ ಊದುಬತ್ತಿ ಹಚ್ಚಲು ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದಿದ್ದರು.

"ಯಜಮಾನ್ರೇ, ಬೇಡ! ಬೆಂಕಿ ಗೀರಬೇಡಿ!"

ನನ್ನ ಕೂಗಿಗೆ ಅವರ ಕೈಯಿಂದ ಪೊಟ್ಟಣ ಬಿದ್ದುಹೋಯಿತು. ನಾನು ನೆಲ ತೋರಿಸಿದೆ. ಅವರು ಬಗ್ಗಿ ನೋಡಿದರು. ಒದ್ದೆಯಾದ ತಮ್ಮ ಪಾದ ನೋಡಿಕೊಂಡರು. ಬಾಗಿಲು ಕಿಟಕಿ ತೆಗೆದು, ಗೋಣಿತಾಟು ಹಾಕಿ ಇಬ್ಬರೂ ಸೇರಿ ಒರೆಸಿದೆವು. ಆಮೇಲೆ ಅವರು ಸ್ಟೂಲಿನ ಮೇಲೆ ಕೂತು, "ಗೊತ್ತಾಯ್ತಾ ನಿನಗೆ?" ಎಂದರು.

"ಹೂಂ."

"ಜ್ವರ ಬಿಟ್ಟು ಹೋಯ್ತು, ಹೋಗ್ತಾ ಮೂಗನ್ನೂ ತಗೊಂಡು ಹೋಯ್ತು. ಗಂಧ, ಕರ್ಪೂರ, ಸೀಮೆಣ್ಣೆ, ಏನೂ ಇಲ್ಲ. ಮನೇಲಿ ಸಾವಿತ್ರಿಗೂ ಹೇಳಿಲ್ಲ."

ಬಿಳಿ ದಾರದ ರೋಜಾ ಅವರು ಮೂಗಿಲ್ಲದೆ, ಬರೀ ನೆನಪಿನಿಂದ ಕೂಡಿಸಿದ್ದು. ಆ ರೋಜಾವನ್ನು ಜನ ಒಪ್ಪಿದರೆ ಕೆಲಸ ಮುಂದುವರಿಸುವುದು, ಇಲ್ಲದಿದ್ದರೆ ಒಳಕೋಣೆಗೆ ಬೀಗ ಹಾಕುವುದು ಎಂದು ನಿಶ್ಚಯಿಸಿಕೊಂಡಿದ್ದರಂತೆ.

"ಕೆಂಪು ಇದೆಯಲ್ಲ? ಅದರ ಅಳತೆ ನಿಮಗೆ ಬಾಯಿಪಾಠ" ಎಂದೆ.

"ಅಳತೆ ಇದೆ. ಹೂವಿನ ಎಣ್ಣೆ ಸಲಕ್ಕೊಂದು ಥರ ಬರುತ್ತಲ್ಲಮ್ಮ. ಮೂಸಿ ಮೂಸಿ ಹೆಚ್ಚು ಕಮ್ಮಿ ಮಾಡಬೇಕು. ರುಚಿ ನೋಡದೆ ಹುಳಿ ಮಾಡಿದ್ರೆ ಆಗುತ್ತಾ? ನಿನ್ನ ಚೀಲದಲ್ಲಿರೋ ಕೆಂಪು ಇದೆಯಲ್ಲ, ಜ್ವರಕ್ಕೆ ಮುಂಚೆ ಮಾಡಿದ್ದರಲ್ಲಿ ಅದೇ ಕೊನೇದು."

ನಾನು ಬೆಸಗರಹಳ್ಳಿಯಿಂದ ಮಳವಳ್ಳಿಯವರೆಗೆ ಎಲ್ಲ ಹೇಳಿದೆ. ಬಸ್ಸಿನಲ್ಲಿ ಚೆಲ್ಲಿದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಎರಡು ಕಡ್ಡಿ ತೆಗೆದು, ಒಂದನ್ನು ಕೆಂಪಿಗೆ, ಒಂದನ್ನು ಬಿಳಿಗೆ ಅದ್ದಿ ನನ್ನ ಮುಂದೆ ಹಿಡಿದರು. "ಜನ ಇರಲಿ. ನೀನು ಹೇಳು."

ಬಿಳಿಯೇ ಮೇಲು ಎಂದುಬಿಡಬಹುದಿತ್ತು, ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಕಣ್ಣು ಮುಚ್ಚಿದೊಡನೆ ಕೆಂಪಿನಲ್ಲಿ ಒಂದು ಗಿಡ ಎದ್ದು ನಿಂತಿತು. ಎಲೆ, ಮುಳ್ಳು, ಬುಡದ ಒದ್ದೆ ಮಣ್ಣು, ಮುಂಜಾನೆಯ ಚಳಿ. ಬಸ್ಸಿನಲ್ಲಿ ಕೈಗೆ ಸಿಗದೆ ಜಾರಿದ್ದು ಏನೆಂದು ಆಗ ತಿಳಿಯಿತು.

"ಬಿಳೀಲಿ ಹೂವಿದೆ ಯಜಮಾನ್ರೇ. ಗಿಡ ಇಲ್ಲ."

ಅವರು ಆ ಕಡ್ಡಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಆಮೇಲೆ, "ಆಯ್ತಮ್ಮ. ನಾನು ಹೇಳಿ ಕಳಿಸೋವರೆಗೆ ಬರಬೇಡ" ಎಂದು ಎದ್ದರು.

ಅಂಗಡಿಯ ಹಲಗೆ ಬಾಗಿಲು ಮುಚ್ಚಿತು. ಅಮ್ಮ ಮಾತ್ರ ಸಂತೋಷಪಟ್ಟು ದಿನಾ ಹೂ ಮುಡಿಸಿದಳು. ತಲೆಯ ಮೇಲೆ ಮಲ್ಲಿಗೆ ಹೊತ್ತು, ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ನಾನು ಬೇಯುತ್ತಿದ್ದೆ. ಆ ಮನುಷ್ಯನ ಜೀವ ಇದ್ದದ್ದೇ ಆ ಕೋಣೆಯಲ್ಲಿ. ಅದನ್ನು ನಾನೇ ನನ್ನ ಮಾತಿನಿಂದ ಮುಚ್ಚಿಸಿದೆ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ ಸಾವಿತ್ರಮ್ಮ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಹೇಳೋದನ್ನ ಹೇಳಿದೀಯ, ಅದಕ್ಕೆ ಯಾಕೆ ಮುಖ ಸಣ್ಣಗೆ ಮಾಡ್ಕೊಂಡಿದೀಯ?" ಎಂದರು.

"ನಿಮಗೆ ಗೊತ್ತಾ ಅಮ್ಮ?"

"ಸಾರು ತಳ ಹಿಡಿದು ಬೀದಿಗೆಲ್ಲ ಸೀದ ವಾಸನೆ. ಇವರು ಎರಡು ಸಲ ಹಾಕಿಸ್ಕೊಂಡು ಊಟ ಮಾಡಿದ್ರು. ಆವತ್ತೇ ಗೊತ್ತಾಯ್ತು. ಅವರಾಗಿ ಹೇಳ್ಲಿ ಅಂತ ನಾನೂ ಸುಮ್ಮನಿದ್ದೆ. ಮೊನ್ನೆ ಹೇಳಿದ್ರು, ಹೇಳಿ ಮಗು ಥರ ಅತ್ತರು. ಮುತ್ತತ್ತಿ ಆಂಜನೇಯನಿಗೆ ಹೇಳ್ಕೊಂಡಿದ್ದೆ, ನಾಳೆ ಹೋಗ್ತಿದೀವಿ. ನೀನೂ ಬಾ."

ಮೂವರೂ ಹೋದೆವು. ಪೂಜೆ ಮಾಡಿಸಿ, ಹೊಳೆಯ ದಂಡೆಯ ಮರದ ನೆರಳಿಗೆ ಬಂದು ಸಾವಿತ್ರಮ್ಮ ಬುತ್ತಿ ಬಿಚ್ಚಿದರು. ಕಾವೇರಿ ಬಂಡೆಗಳ ನಡುವೆ ಅವಸರವಿಲ್ಲದೆ ಹೋಗುತ್ತಿದ್ದಳು. ಗಂಗಾಧರಯ್ಯನವರು ಕಾಲನ್ನು ನೀರಿಗೆ ಇಳಿಬಿಟ್ಟು ಕೂತಿದ್ದರು. ಅಷ್ಟು ಹೊತ್ತೂ ನನ್ನೊಡನೆ ಮಾತಾಡಿರಲಿಲ್ಲ.

"ರತ್ನ, ಇಲ್ಲಿ ಏನು ವಾಸನೆ ಬರ್ತಿದೆ?" ಎಂದರು ತಿರುಗದೆ.

ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲು ಕಾದ ಬಂಡೆ, ಅದರ ಮೇಲೆ ನೀರು ಚಿಮ್ಮಿ ಆರಿದ್ದು. ಆಮೇಲೆ ಪಾಚಿ. ಯಾರೋ ಆಚೆ ಮೂರು ಕಲ್ಲಿಟ್ಟು ಅನ್ನ ಮಾಡುತ್ತಿದ್ದಾರೆ, ಸೌದೆ ಹಸಿ, ಹೊಗೆ ಒಗರಾಗಿದೆ. ಗಾಳಿ ಹಾಗೆ ತಿರುಗಿದರೆ ಮೀನು. ಹೀಗೆ ತಿರುಗಿದರೆ ಕೊಳೆತ ಎಲೆ, ಅದರ ಕೆಳಗೆ ಹೊಸ ಚಿಗುರು. ಸಾವಿತ್ರಮ್ಮನವರ ಬುತ್ತಿಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ, ಇಂಗು ಒಂದು ಚಿಟಿಕೆ ಜಾಸ್ತಿ.

"ಜಾಸ್ತಿನಾ?" ಎಂದರು ಸಾವಿತ್ರಮ್ಮ.

ಗಂಗಾಧರಯ್ಯನವರು ನಕ್ಕರು. ಜ್ವರದ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿಕೊಂಡು, "ಆ ಚಿಗುರು ಅಂದ್ಯಲ್ಲ, ಅದು ಹೇಗಿದೆ? ಹಸೀನಾ, ಕಹೀನಾ?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಬಿಳೀಗೆ ಅದು ಬೇಕು" ಎಂದರು. ಅವರು ಎಲ್ಲವನ್ನೂ ಕಾಣುತ್ತಿದ್ದರು. ನಾನು ಹೇಳಿದ ಮಾತು ಹಿಡಿದು ಅವರ ನೆನಪು ಕಪಾಟಿನಲ್ಲಿ ಕೈಯಾಡಿಸಿ ಸರಿಯಾದ ಸೀಸೆಯನ್ನೇ ತೆಗೆಯುತ್ತಿತ್ತು.

ಅಲ್ಲಿಂದ ನಮ್ಮ ಕೆಲಸ ಮತ್ತೆ ಆರಂಭವಾಯಿತು. ಅವರು ತೊಟ್ಟು ಹಾಕುವುದು, ನಾನು ಮೂಸಿ ಹೇಳುವುದು, ಅವರು ಯೋಚಿಸಿ ಇನ್ನೊಂದು ತೊಟ್ಟು ಹಾಕುವುದು. ಜಗಳವಿಲ್ಲದ ದಿನವಿರಲಿಲ್ಲ. ಒಮ್ಮೆ ನಾನು, "ಹಸಿ ಬಟಾಣಿ ಸುಲಿದ ಹಾಗಿದೆ" ಎಂದಾಗ, "ರೋಜಾ ಮಾಡು ಅಂದ್ರೆ ಪಲ್ಯ ಮಾಡ್ತಿದೀವಾ?" ಎಂದು ಫಿಲ್ಲರು ಎಸೆದರು. ಆಮೇಲೆ ಅವರೇ ಹುಡುಕಿ ತಂದು, ತೊಳೆದು, "ಬಟಾಣಿ ಸಿಪ್ಪೇನಾ, ಕಾಳಾ? ಸರಿಯಾಗಿ ಹೇಳು" ಎಂದರು. ಸಿಪ್ಪೆ ಎಂದೆ. ಹಾದಿ ಅಲ್ಲಿಂದ ತೆರೆಯಿತು. ಎಷ್ಟೋ ಸಂಜೆ ಬೀದಿಯ ಸದ್ದೆಲ್ಲ ದೂರವಾಗಿ, ನಾವಿಬ್ಬರೂ ಯಾವುದೋ ತೋಟದ ಬೇಲಿಯಾಚೆ ನಿಂತು ಒಂದು ಗಿಡಕ್ಕಾಗಿ ತಡಕುತ್ತಿರುವ ಹಾಗೆ ಅನಿಸುತ್ತಿತ್ತು. ಅವರಿಗೆ ಕಣ್ಣಿತ್ತು, ದಾರಿ ಗೊತ್ತಿತ್ತು. ನನ್ನ ಕೈಯಲ್ಲಿ ದೀಪವಿತ್ತು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೆ. ಮೂಗು ಎಲ್ಲರಿಗೂ ಇದೆ. ಮೂಗಿಗೆ ಬಂದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲು ಮಾತು ಬೇಕು. ಅಡಿಗೆಮನೆ, ಕೊಟ್ಟಿಗೆ, ಗದ್ದೆ, ಆಲೆಮನೆ, ಹೆರಿಗೆ ಕೋಣೆ, ಎಲ್ಲ ಕಡೆ ಸುತ್ತಿ ಆ ಮಾತುಗಳನ್ನು ಕೂಡಿಸಿಟ್ಟುಕೊಳ್ಳಿ.

ಕೆಂಪನ್ನು ನನ್ನ ಮೂಗಿನ ಆಸರೆಯಲ್ಲಿ ಮತ್ತೆ ಮಾಡಿದೆವು. ಬಿಳಿಯನ್ನು ತಿದ್ದಿದೆವು. ಈಗ ಅದರಲ್ಲೂ ಗಿಡವಿತ್ತು, ಆದರೆ ಅದು ಕೆಂಪಿನ ಗಿಡವಲ್ಲ, ಬೇರೆಯದೇ ಒಂದು. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳುವ ಮಾತು ಮತ್ತೆ ಬಂತು. ನನಗೆ ಕೆಂಪು ಇಷ್ಟ. ಯಜಮಾನರು ತಮ್ಮ ಇಷ್ಟ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಕೊನೆಗೆ ದಾರಗಳನ್ನು ಹಾಗೇ ಬಿಟ್ಟು, ಎರಡನ್ನೂ ಕೌಂಟರಿನ ಮೇಲಿಟ್ಟೆವು.

ಹಾಗೆ ಇಟ್ಟ ಮೊದಲ ದಿನವೇ ಬೆಳಕವಾಡಿಯ ಕಡೆಯ ಒಂದು ಹೊಸ ಜೋಡಿ ಬಂತು. ಹುಡುಗಿಯ ಕೊರಳಲ್ಲಿ ಅರಿಸಿನದ ದಾರ ಇನ್ನೂ ಹಸಿಯಾಗಿತ್ತು. ಯಜಮಾನರು ಒಳಕೋಣೆಯಲ್ಲಿದ್ದರು.

"ರೋಜಾ ಸೆಂಟು ಕೊಡಕ್ಕ, ಇವ್ಳಿಗೆ" ಎಂದ ಹುಡುಗ.

ಹುಡುಗಿಯ ಒಂದು ಮುಂಗೈಗೆ ಕೆಂಪು ತಾಗಿಸಿದೆ. "ಸೆಂದಾಗದೆ" ಎಂದಳು ತಕ್ಷಣ. "ಸ್ಯಾನೆ ಸೆಂದಾಗದೆ ಕಣಕ್ಕ. ನಮ್ ದೊಡ್ಡವ್ವನ ಮನೇಲಿ ಇಂತಾದ್ದೇ ಗಿಡ ಅದೆ."

"ಇದೇ ಕಟ್ಟಿಕೊಡಿ ಅಂಗಾರೆ" ಎಂದ ಹುಡುಗ, ಬಸ್ಸಿಗೆ ಹೊತ್ತಾದವನಂತೆ.

"ಇನ್ನೊಂದನ್ನೂ ನೋಡಮ್ಮ" ಎಂದು ಇನ್ನೊಂದು ಕೈಗೆ ಬಿಳಿ ತಾಗಿಸಿದೆ. ಅವಳು ಕೈಯನ್ನು ಮುಖಕ್ಕೆ ತಂದಳು. ಕಣ್ಣು ಮುಚ್ಚಿ ಹಾಗೇ ನಿಂತಳು. ಕೆಂಪಿನ ಕೈ ಪಕ್ಕಕ್ಕೆ ಇಳಿಯಿತು. ಬೀದಿಯಲ್ಲಿ ಗಾಡಿ ಹೋಯಿತು, ಯಾರೋ ಯಾರನ್ನೋ ಕೂಗಿದರು.

"ಏನಮ್ಮೀ? ಯೋಳು" ಎಂದ ಹುಡುಗ. ಅವಳು ಕಣ್ಣು ತೆರೆದು ಅವನನ್ನು ಮೊದಲ ಸಲ ನೋಡಿದವಳಂತೆ ನೋಡಿ, ಕೈಯನ್ನು ಅವನ ಮುಖಕ್ಕೆ ಚಾಚಿದಳು. ಅವನೂ ಬಗ್ಗಿ ಮೂಸಿದ. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ. ಬಿಳಿಯನ್ನು ಕಟ್ಟಿಕೊಟ್ಟೆ.

ಅವರು ಮೆಟ್ಟಿಲಿಳಿದ ಮೇಲೆ ಒಳಗಿನಿಂದ ಯಜಮಾನರ ದನಿ ಬಂತು. "ಬಿಳೀದು ತಗೊಂಡ್ರು, ಅಲ್ವಾ?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಕೆಂಪಿಗೆ ಸೆಂದಾಗದೆ ಅಂದ್ಲು. ಬಿಳೀಗೆ ಏನೂ ಅನ್ನಲಿಲ್ಲ."

ಪಂಚೆಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವರು ಅಂಗಡಿಯ ಹೊಸ್ತಿಲಲ್ಲಿ ನಿಂತರು. ಆ ಜೋಡಿ ಬಸ್ ಸ್ಟಾಂಡಿನ ದಿಕ್ಕಿಗೆ ಹೋಗುತ್ತಿತ್ತು. ಹುಡುಗಿ ನಡೆಯುತ್ತಲೇ ಮುಂಗೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಸ್ವಲ್ಪ ದೂರ ಹೋಗಿ ಮತ್ತೆ ತಂದುಕೊಂಡಳು. ಬೀದಿ ತಿರುಗಿ ಅವಳು ಕಾಣದಾಗುವವರೆಗೂ ಯಜಮಾನರು ಹಾಗೇ ನಿಂತಿದ್ದರು. ಅವಳು ಉಸಿರೆಳೆದಾಗಲೆಲ್ಲ ಅವರೂ ಉಸಿರೆಳೆದುಕೊಳ್ಳುತ್ತಿದ್ದರು.